ಪೊರ್ಬುಗಳ ಫೋಟೋ ದೊಡ್ಡದು ಮಾಡಲು ಹೋಗಿ

ನಮ್ಮ ಅಂಗಡಿಗೆ ಬರುವ ಫೋಟೋಗಳೆಲ್ಲ ಸಣ್ಣವು, ಗಿರಾಕಿಗಳ ಆಸೆಗಳೆಲ್ಲ ದೊಡ್ಡವು. ವಾಟ್ಸ್ಆ್ಯಪ್‌ನಲ್ಲಿ ಹತ್ತಾರು ಕೈ ದಾಟಿ ಬಂದ ಬಿರಿಯಾನಿಯ ಚಿತ್ರವೊಂದನ್ನು ಕಳಿಸಿ, ಇದನ್ನು ಹೋಟೆಲಿನ ಬಾಗಿಲಿನ ಮೇಲೆ ಗೋಡೆಯಗಲ ಹಾಕಿಕೊಡಿ ಎನ್ನುತ್ತಾರೆ. ಮೊದಲೆಲ್ಲ ಆಗುವುದಿಲ್ಲ ಎನ್ನುತ್ತಿದ್ದೆವು. ಎಐ ಸಾಫ್ಟ್‌ವೇರ್ ಬಂದ ಮೇಲೆ ಮ್ಯಾನೇಜರು ಆ ಮಾತನ್ನೇ ಬಿಟ್ಟುಬಿಟ್ಟರು. ಚಿತ್ರವನ್ನು ಅದಕ್ಕೆ ಕೊಟ್ಟು, ಎರಡು ಪಟ್ಟೋ ನಾಲ್ಕು ಪಟ್ಟೋ ಎಂದು ಆರಿಸಿ ಗುಂಡಿ ಒತ್ತಿದರೆ ಆಯಿತು. ಮಸುಕು ಮುದ್ದೆಯಾಗಿದ್ದ ಅನ್ನ ಕಾಳು ಕಾಳಾಗಿ ಬಿಡಿಸಿಕೊಂಡು ಬರುತ್ತದೆ. ಆ ಕಾಳುಗಳು ನಿಜವಾಗಿ ಆ ಬಿರಿಯಾನಿಯಲ್ಲಿ ಇದ್ದವೇ ಎಂದು ಯಾರೂ ಕೇಳುವುದಿಲ್ಲ. ಇದ್ದಿರಬಹುದು ಎಂದು ತನಗೆ ತೋಚಿದ್ದನ್ನು ಸಾಫ್ಟ್‌ವೇರ್ ತುಂಬುತ್ತದೆ, ಅಷ್ಟೇ. ಬಿರಿಯಾನಿಗೆ, ಗಿಡುಗದ ಗರಿಗೆ, ಕಾರ್ಪೆಟ್ಟಿನ ನೂಲಿಗೆ ಅಷ್ಟು ಸಾಕು. ಗಲ್ಫಿನ ಮುಐದರ್‌ನ ಈ ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ದಿನವೂ ಮಾಡುವ ಕೆಲಸ ಅದು.

ಆ ವಾರ ನನ್ನ ಮೇಜಿಗೆ ಬಂದ ಫೋಟೋ ನಮ್ಮ ರೂಮಿನ ಪೊರ್ಬುಗಳದ್ದು. ಕರಾವಳಿಯ ಕ್ರಿಶ್ಚಿಯನ್ನರನ್ನು ತುಳುವರಾದ ನಾವು ಮರ್ಯಾದೆಯಿಂದ ಹಾಗೆ ಕರೆಯುವುದು. ಅವರು ಉಡುಪಿ ಕಡೆಯವರು. ಉಮ್ಮ್ ಸಲಾಲ್ ದಾಟಿ ಇನ್ನೂ ಉತ್ತರಕ್ಕೆ ಒಂದು ಕಟ್ಟಡದ ಸೈಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಸೈಟಿಗೆ ಹೋಗುವಾಗ ಅವರಿದ್ದ ಪಿಕಪ್ ನಿಂತಿದ್ದ ಟ್ರೈಲರಿಗೆ ಹಿಂದಿನಿಂದ ಬಡಿಯಿತು. ಡ್ರೈವರ್ ಉಳಿದ, ಇವರು ಉಳಿಯಲಿಲ್ಲ. ಸುದ್ದಿ ಬಂದಾಗ ನಾನು ಒಂದು ಸಲೂನಿನ ಬೋರ್ಡ್ ಮಾಡುತ್ತಿದ್ದೆ. ಆ ಬೋರ್ಡನ್ನು ಮುಗಿಸಿಯೇ ಎದ್ದೆ. ಯಾಕೆ ಮುಗಿಸಿದೆ ಎಂದು ಈಗ ಕೇಳಿದರೆ ಗೊತ್ತಿಲ್ಲ. ಕೈ ತನ್ನ ಪಾಡಿಗೆ ನಡೆಯುತ್ತಿತ್ತು, ಉಳಿದದ್ದೆಲ್ಲ ನಿಂತುಹೋಗಿತ್ತು.

ಕಾಗದಪತ್ರದ ಓಡಾಟವನ್ನೆಲ್ಲ ಅವರ ಕಂಪನಿಯ ಮಂದೂಬ್, ಅಂದರೆ ಸರಕಾರಿ ಕೆಲಸಗಳ ಪ್ರತಿನಿಧಿ, ಮಾಡಿದ. ಆಸ್ಪತ್ರೆಯಿಂದ ಬಂದವನು ನಮ್ಮ ಕರಾವಳಿಯವರ ಸಂಘದ ಕಾರ್ಯದರ್ಶಿಯನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದನಂತೆ. ಮುಖಕ್ಕೇ ಪೆಟ್ಟಾಗಿದೆ, ಊರಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆಯುವುದು ಬೇಡ. ಕಾರ್ಯದರ್ಶಿ ಅದನ್ನು ಊರಿಗೆ ತಿಳಿಸಿದರು. ಅದೇ ದಿನ ಮಧ್ಯಾಹ್ನ ಪೊರ್ಬುಗಳ ಹೆಂಡತಿ ನನಗೆ ಫೋನ್ ಮಾಡಿದರು. ಅವರನ್ನು ನಾನು ಒಮ್ಮೆಯೂ ಕಂಡಿರಲಿಲ್ಲ; ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎಂದೇ ಕರೆದೆ.

"ಅಣ್ಣಾ, ಪೆಟ್ಟಿಗೆ ತೆಗಿಲಿಕ್ಕೆ ಇಲ್ಲ ಅಂತ ಹೇಳ್ತಾರೆ. ಹೌದಾ?"

"ಹೌದು ಬಾಯಿ."

"ಹಾಗಾದ್ರೆ ಅವರದ್ದೊಂದು ಫೋಟೋ ಮಾಡಿ ಕೊಡಿ. ಈಗ ಹೇಗಿದ್ರೋ ಹಾಗೆ. ಮಗಳಿಗೆ ನಾಲ್ಕು ವರ್ಷ. ಅವಳು ನೋಡುವ ಅಪ್ಪನ ಮುಖ ಅಂತ ಇನ್ನು ಅದೊಂದೇ ಅಲ್ವಾ," ಎಂದರು.

ಮಾಡಿ ಕೊಡುತ್ತೇನೆ ಎಂದೆ. ಬೋರ್ಡಿಗೆ ಆರ್ಡರ್ ತೆಗೆದುಕೊಳ್ಳುವ ದನಿಯಲ್ಲೇ ಹೇಳಿದೆನೆಂದು ಕಾಣುತ್ತದೆ.

ಹುಡುಕಲು ಕೂತಾಗ ಗೊತ್ತಾಯಿತು, ಪೊರ್ಬುಗಳ ಫೋಟೋ ಇಲ್ಲವೇ ಇಲ್ಲ. ಸಂಘದ ಪಿಕ್‌ನಿಕ್ ಇರಲಿ, ಯಾರದೋ ಮಗುವಿನ ಹುಟ್ಟುಹಬ್ಬ ಇರಲಿ, "ಸ್ವಲ್ಪ ಹತ್ತಿರ ಬನ್ನಿ, ಹೊಟ್ಟೆ ಒಳಗೆ ಎಳ್ಕೊಳ್ಳಿ" ಎನ್ನುತ್ತ ಫೋನ್ ಹಿಡಿದು ಎದುರು ನಿಲ್ಲುತ್ತಿದ್ದವರು ಅವರೇ. ನಮ್ಮೆಲ್ಲರ ನಗು ಅವರ ಫೋನಿನಲ್ಲಿತ್ತು. ಆ ಫೋನ್ ಪಿಕಪ್ಪಿನಲ್ಲೇ ಪುಡಿಯಾಯಿತು. ಕಂಪನಿಯ ಗುರುತಿನ ಚೀಟಿಯಲ್ಲಿದ್ದದ್ದು ಮೀಸೆಯಿಲ್ಲದ, ತಲೆತುಂಬ ಕೂದಲಿನ ಹಳೆಯ ಮುಖ. ಮದುವೆಯ ಆಲ್ಬಮ್ಮಿನದ್ದು ಪೌಡರು ಬಳಿದ ಮದುಮಗ. ಅವನನ್ನು ಮಗಳು ಕಂಡೇ ಇಲ್ಲ ಎಂದು ಬಾಯಿ ಮೊದಲೇ ಹೇಳಿದ್ದರು. ಎರಡು ವರ್ಷದ ಹಿಂದೆ ರಜೆಗೆ ಹೋದಾಗಿನ ಸೆಲ್ಫಿಯೊಂದು ಬಂತು. ಅದರ ತುಂಬ ಮಗುವಿನ ಕೆನ್ನೆ, ಮೂಲೆಯಲ್ಲಿ ಇವರ ಒಂದು ಕಿವಿ.

ಕೊನೆಗೆ ಸಿಕ್ಕಿದ್ದು ಹೋದ ವರ್ಷ ಕ್ರಿಶ್ಚಿಯನ್ನರ ತೆನೆಹಬ್ಬವಾದ ಮೊಂತಿ ಹಬ್ಬದ ದಿನದ್ದು. ಉಮ್ಮ್ ಸಲಾಲ್‌ನಲ್ಲಿ ಒಬ್ಬರ ಮನೆಯಲ್ಲಿ ಹೊಸ ಅಕ್ಕಿಯ ಊಟವಿತ್ತು. ಆ ಮನೆಯಾಕೆ ಅವರ ಕೈಯಿಂದ ಫೋನ್ ಕಿತ್ತುಕೊಂಡು, ನೀವೂ ನಿಲ್ಲಿ ಎಂದು ಹಿಂದಕ್ಕೆ ಓಡಿಸಿದ್ದರು. ಹಿಂದಿನ ಸಾಲಿನ ತುದಿಯಲ್ಲಿ, ಇಬ್ಬರ ಹೆಗಲಿನ ನಡುವೆ ನಿಂತಿದ್ದಾರೆ. ಮುಖ ಕಡಲೆಬೇಳೆಯಷ್ಟು. ಅದೂ ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ದಾಟಿ ಸವೆದದ್ದು. ಹಿಗ್ಗಿಸಿದರೆ ಮುಖವೆಲ್ಲ ಚೌಕ ಚೌಕ.

ಮರುದಿನ ಅಂಗಡಿಯಲ್ಲಿ ಬೇರೆ ಕೆಲಸ ಬದಿಗಿಟ್ಟು ಅದನ್ನೇ ತೆಗೆದುಕೊಂಡೆ. ಇಂಥದ್ದನ್ನು ಒಂದೇ ಏಟಿಗೆ ನಾಲ್ಕು ಪಟ್ಟು ಮಾಡಬಾರದು. ಮೊದಲು ಆ ಚೌಕಗಳನ್ನು ತೆಗೆಸಬೇಕು, ಇಲ್ಲದಿದ್ದರೆ ಸಾಫ್ಟ್‌ವೇರ್ ಅವನ್ನೇ ಸುಕ್ಕು ಎಂದುಕೊಂಡು ಚರ್ಮದಲ್ಲಿ ಗೆರೆ ಕೊರೆಯುತ್ತದೆ. ಆಮೇಲೆ ಎರಡು ಪಟ್ಟು, ನೋಡಿ ಸರಿಪಡಿಸಿ ಮತ್ತೆ ಎರಡು ಪಟ್ಟು. ಮುಖಕ್ಕೆಂದೇ ಬೇರೆ ಒಂದು ಆಯ್ಕೆ ಇದೆ. ಅದನ್ನು ಹಾಕದೆ ಮಾಡಿದೆ. ಬಿಸಿಲಿಗಿಟ್ಟ ಮೇಣದ ಹಾಗೆ ಕಣ್ಣು ಮೂಗು ಒಂದಾಗಿ ಬಂತು. ಹಾಕಿ ಮಾಡಿದೆ. ಪರದೆಯ ಮೇಲೆ ಒಬ್ಬ ಚಂದದ ಗಂಡಸು ಬಂದ. ತುಂಬಿದ ಹುಬ್ಬು, ನುಣುಪಾದ ಕೆನ್ನೆ. ಮೀಸೆಯ ಕೆಳಗೆ ಕಪ್ಪು ಗೆರೆಯಾಗಿದ್ದ ತುಟಿಯನ್ನು ತೆರೆದ ಬಾಯಿ ಎಂದು ತಿಳಿದು ಸಾಫ್ಟ್‌ವೇರ್ ಅದರೊಳಗೆ ಸಾಲಾಗಿ ಹಲ್ಲು ಕೂರಿಸಿತ್ತು. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು ಎನ್ನೋಣವೆಂದರೆ, ಅಪ್ಪನಾದರೂ ಅದೇ ಮನೆಯವನು. ಇವನು ಯಾರೋ.

ಆದರೂ ಎಲ್ಲೋ ಪೊರ್ಬುಗಳಿದ್ದರು. ಬೋಳು ಹಣೆ, ಬದಿಗೆ ವಾಲಿದ ತಲೆ, ಕಾಲರು. ಕೆಲಸಕ್ಕೆ ಸಿಕ್ಕಿದ ವಸ್ತುವನ್ನು ಬಿಡುವವನು ನಾನಲ್ಲ. ಆ ಆಯ್ಕೆಯನ್ನು ಹೆಚ್ಚು ಮಾಡಿ, ಕಡಿಮೆ ಮಾಡಿ, ಮತ್ತೆ ಮತ್ತೆ ತೆಗೆಸಿದೆ. ಪ್ರತಿಸಲವೂ ಅದೇ ಹಣೆಯ ಕೆಳಗೆ ಬೇರೆ ಬೇರೆ ಮನುಷ್ಯರು ಬಂದು ಹೋದರು. ಅವರಲ್ಲಿ ತಕ್ಕಮಟ್ಟಿಗೆ ಹೋಲುವ ಒಬ್ಬನನ್ನು ಆರಿಸಿ ಕಾರ್ಯದರ್ಶಿಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿದರು.

"ಯಬ್ಬಾ, ಎದ್ದು ಬಂದ ಹಾಗೆ ಉಂಟಲ್ಲ ಮಾರ್ರೆ! ಖಲಾಸ್, ಇದೇ ಫೈನಲ್. ಶುಕ್ರವಾರ ಪ್ರಾರ್ಥನೆಗೆ ಇದನ್ನೇ ದೊಡ್ಡದು ಮಾಡಿ ಇಡುವ."

"ಹುಬ್ಬಿನ ಗಾಯ ಇಲ್ಲ," ಎಂದೆ.

"ಅದೊಂದು ಹಾಕಿಬಿಡಿ. ನಿಮಗೆ ಎಂತ ಅದು, ಎಡಗೈ ಕೆಲಸ."

ಹಿಂದೊಮ್ಮೆ ಸೈಟಿನಲ್ಲಿ ಕಬ್ಬಿಣದ ಪೈಪು ತಾಗಿ ಪೊರ್ಬುಗಳ ಒಂದು ಹುಬ್ಬು ನಡುವೆ ಸೀಳಿತ್ತು. ಆ ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ. ಫೋಟೋದಲ್ಲಿ ಅದು ಕಾಣುವಷ್ಟು ದೊಡ್ಡದಲ್ಲ, ಕೈಯಿಂದಲೇ ಬಿಡಿಸಬೇಕಿತ್ತು. ಯಾವ ಬದಿ ಎಂದು ನನಗೆ ಅನುಮಾನವೇ ಇರಲಿಲ್ಲ. ಕಣ್ಣಿಗೆ ಕಟ್ಟಿದ ಹಾಗಿತ್ತು, ನೋಡುವವರ ಎಡಕ್ಕೆ. ಆದರೂ ನಮ್ಮ ರೂಮಿನ ಇನ್ನೊಬ್ಬರನ್ನು, ಕೆಫೆಟೇರಿಯಾದಲ್ಲಿ ಅಡುಗೆ ಮಾಡುವ ಕುಂದಾಪುರದ ಭಟ್ಟರನ್ನು, ಫೋನಿನಲ್ಲಿ ಕೇಳಿದೆ. ಅವರೂ "ಎಡ್ಗಡಿಗೇ ಅಲ್ದಾ" ಎಂದರು. ಹುಬ್ಬನ್ನು ಎಡಕ್ಕೆ ಸೀಳಿ, ಚರ್ಮದ ಬಣ್ಣ ತುಂಬಿ, ಊರಿಗೆ ಕಳಿಸಿದೆ.

ಬಾಯಿಯ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ಧ್ವನಿ ಸಂದೇಶ. "ಅಣ್ಣಾ, ತಪ್ಪು ತಿಳ್ಕೊಬೇಡಿ. ಗಾಯ ಆಚೆ ಬದಿಗೆ."

ನನಗೆ ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಬಂದ ಮೊದಲ ಭಾವನೆಯೇ ಅದು. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ತಿಂಗಳು ನೋಡಿದವರು ಇವರು. ಎಂಟು ವರ್ಷ ಒಂದೇ ರೂಮಿನಲ್ಲಿ ಮಲಗಿದವರು ನಾವು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ. ಊಟದ ಹೊತ್ತಿಗೆ ರೂಮಿಗೆ ಹೋದೆ. ಭಟ್ಟರು ಬಿಡುವಿನಲ್ಲಿ ಬಂದವರು ಕಪಾಟಿನ ಬಾಗಿಲಿನ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು. ನಾನು ನನ್ನ ಮಂಚದ ಮೇಲೆ ಕೂತು, ಕನ್ನಡಿಯೊಳಗಿನ ಅವರ ಮುಖಕ್ಕೆ ಸಂಗತಿ ಹೇಳಿದೆ. ಅವರೂ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು. ಬಾಚಣಿಗೆ ಅಲ್ಲಿಗೇ ನಿಂತಿತು.

"ಹ್ವಾಯ್, ನಾವ್ ಅವ್ರ ಮುಖ ಕಂಡದ್ದೆಲ್ಲ ಹೀಂಗೇ ಅಲ್ದಾ, ಕನ್ನಡಿಯಗೆ?"

ಹೌದು. ಪೊರ್ಬುಗಳು ನಸುಕಿನಲ್ಲೇ ಏಳುತ್ತಿದ್ದರು. ಕನ್ನಡಿಯೆದುರು ಗಡ್ಡ ಹೆರೆಯುತ್ತ ನಮಗೆ ಬೆನ್ನು ಹಾಕಿ ನಿಂತು ಮಾತಾಡುತ್ತಿದ್ದರು. ನಾವು ಹಾಸಿಗೆಯಿಂದಲೇ ಕನ್ನಡಿಯಲ್ಲಿ ಅವರಿಗೆ ಉತ್ತರ ಕೊಡುತ್ತಿದ್ದೆವು. ನಾವು ಕೆಲಸ ಮುಗಿಸಿ ಬರುವಷ್ಟರಲ್ಲಿ ಅವರು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಎದುರೆದುರು ಕೂತು ಅವರ ಮುಖವನ್ನು ನೋಡಿದ್ದು ಹಬ್ಬಕ್ಕೋ ಹುಣ್ಣಿಮೆಗೋ. ಒಂದು ಕೋಣೆಯಲ್ಲಿ ಅಷ್ಟು ವರ್ಷ ಬದುಕಿ ನಾವು ಜೋಪಾನ ಮಾಡಿಕೊಂಡದ್ದು ತಿರುಗುಮುರುಗಾದ ಪೊರ್ಬುಗಳನ್ನು. ನಾನು ಅಂಗಡಿಗೆ ವಾಪಸಾಗಿ ಗಾಯವನ್ನು ಬಲಕ್ಕೆ ತಂದೆ, ಎಡದ ಹುಬ್ಬನ್ನು ತುಂಬಿದೆ.

"ಗಾಯ ಸರಿ ಆಯ್ತು ಅಣ್ಣಾ," ಎಂದರು ಬಾಯಿ. "ಆದ್ರೆ ಮನುಷ್ಯ..." ಅಲ್ಲಿಗೆ ನಿಲ್ಲಿಸಿ, "ಇರ್ಲಿ. ನಿಮಗೂ ಎಷ್ಟು ತೊಂದರೆ ಕೊಡುದು," ಎಂದು ಇಟ್ಟುಬಿಟ್ಟರು.

ಶುಕ್ರವಾರ ಅಬು ಹಮೂರ್‌ನ ಚರ್ಚಿನ ಆವರಣದ ಹಾಲಿನಲ್ಲಿ ಆ ಫೋಟೋ ಇಟ್ಟರು. ಎದೆಯೆತ್ತರದ ಪ್ರಿಂಟ್, ಕೆಳಗೆ ಮೇಣದ ಬತ್ತಿ, ಬಿಳಿ ಹೂ. ನಾನು ಹಿಂದಿನ ಬಾಗಿಲ ಬಳಿ ನಿಂತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಜನ ಸಾಲಾಗಿ ಬಂದು ಅದರೆದುರು ತಲೆಬಾಗಿದರು. ಮೊಂತಿ ಹಬ್ಬದ ಊಟ ಹಾಕಿದ್ದ ಆ ಮನೆಯಾಕೆ ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳಿದರು, "ಎಷ್ಟು ಚಂದ ನಗ್ತಾ ಇದ್ರು ಅಲ್ವಾ, ಯಾವಾಗ್ಲೂ ಹೀಗೇ." ಪಕ್ಕದವರು ಹೌದು ಹೌದು ಎಂದರು. ಮುಂದಿನ ಹಲ್ಲೊಂದು ಬಿದ್ದ ಮೇಲೆ ಪೊರ್ಬುಗಳು ಬಾಯಿ ತೆರೆದು ನಕ್ಕದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ನಗು ಬಂದರೆ ತುಟಿ ಬಿಗಿದು, ಮೂಗಿನಿಂದ ಉಸಿರು ಬಿಡುತ್ತಿದ್ದರು. ಆದರೂ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರೂ ನಿಜವಾಗಿಯೇ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಪ್ರಿಂಟಿನ ಕೆಳಮೂಲೆಯಲ್ಲಿ ಕಪ್ಪು ಸ್ವಲ್ಪ ಹೆಚ್ಚಾಗಿದೆ ಎಂದು ನೋಡುತ್ತ ನಿಂತಿದ್ದೆ.

ಬಸ್ಸಿನಲ್ಲಿ ಮರಳುವಾಗ ಕಿಟಕಿಗೆ ತಲೆಯಾನಿಸಿ ಪೊರ್ಬುಗಳನ್ನು ನೆನೆಸಿಕೊಳ್ಳಲು ನೋಡಿದೆ. ಕಣ್ಣು ಮುಚ್ಚಿದರೆ ಬಂದದ್ದು ಅವನು, ಸಾಲು ಹಲ್ಲಿನವನು. ತಳ್ಳಿದರೂ ಹೋಗಲಿಲ್ಲ. ಕನ್ನಡಿಯ ಮುಂದಿನ ಬೆನ್ನನ್ನು ನೆನಪಿಗೆ ತಂದುಕೊಂಡೆ. ಬೆನ್ನು ಸರಿಯಾಗಿಯೇ ಬಂತು, ಕನ್ನಡಿಯೊಳಗೆ ಮತ್ತೆ ಅವನೇ ನಗುತ್ತಿದ್ದ. ಆಗ ನನಗೆ ಹೆದರಿಕೆಯಾಯಿತು. ನನ್ನ ಕೈಯಾರೆ ಮಾಡಿದ ಮುಖ ಒಂದು ವಾರದೊಳಗೆ ನನ್ನಿಂದಲೇ ಪೊರ್ಬುಗಳನ್ನು ಅಳಿಸುತ್ತಿದ್ದರೆ, ಆ ನಾಲ್ಕು ವರ್ಷದ ಮಗುವಿನ ಒಳಗೆ ಏನು ಉಳಿದೀತು? ಬಸ್ಸಿನಿಂದ ಇಳಿದು, ರಸ್ತೆಬದಿಯ ಅಂಗಡಿಯ ನೆರಳಿನಲ್ಲಿ ನಿಂತು ಊರಿಗೆ ಫೋನ್ ಮಾಡಿದೆ.

"ಬಾಯಿ, ಒಂದು ಮಾತು ಹೇಳ್ಬೇಕು. ಆ ಫೋಟೋದಲ್ಲಿ ಇರುವ ಹಲ್ಲು ಅವರದ್ದಲ್ಲ. ಕಣ್ಣೂ ಅವರದ್ದಲ್ಲ. ಕಂಪ್ಯೂಟರ್ ಯಾರ್ಯಾರದ್ದೋ ಮುಖ ನೋಡಿ ಕಲಿತದ್ದು, ಅದನ್ನು ತಂದು ತುಂಬಿಸ್ತದೆ. ಗಾಯ ನಾನು ಬಿಡಿಸಿದ್ದು."

"ಹಾಗಾದ್ರೆ ಅವರದ್ದು ಎಂತ ಉಂಟು ಅದರಲ್ಲಿ?"

"ತಲೆ ವಾಲಿಸಿದ್ದು ಅವರದ್ದೇ. ಉಳಿದದ್ದು ಒಂದು ಸಣ್ಣ ಚೂರು. ಮಸುಕಾಗಿದೆ."

"ಆ ಚೂರು ಕಳಿಸಿ," ಎಂದರು.

ಗುಂಪಿನ ಫೋಟೋದಿಂದ ಅವರಿದ್ದ ಭಾಗವನ್ನಷ್ಟೇ ಕತ್ತರಿಸಿ, ಮತ್ತೇನೂ ಮಾಡದೆ ಕಳಿಸಿದೆ. ಫೋನ್ ಇಟ್ಟಿರಲಿಲ್ಲ. ಆಚೆ ಬದಿಯಲ್ಲಿ ಮೊದಲು ಉಸಿರು ಕೇಳಿಸಿತು. ಆಮೇಲೆ ಮೊದಲ ಸಲ ಅವರು ಅತ್ತದ್ದು ಕೇಳಿಸಿತು.

"ಇದು ಅವರೇ ಅಣ್ಣಾ. ನಗು ತಡ್ಕೊಂಡು ನಿಂತದ್ದು. ಇದನ್ನೇ ಕೊಡಿ."

"ತುಂಬಾ ಸಣ್ಣದು ಬಾಯಿ. ದೊಡ್ಡದು ಮಾಡಿದ್ರೆ ಎಂತ ಕಾಣುದಿಲ್ಲ."

"ದೊಡ್ಡದು ಯಾಕೆ? ಮದುವೆ ಆದ ಮೇಲೆ ನಾನು ಅವರನ್ನು ನೋಡಿದ್ದೇ ಫೋನಿನಷ್ಟು ದೊಡ್ಡದು."

ಆಯ್ತು ಬಾಯಿ ಎಂದೆ.

ಮರುದಿನ ಸಾಫ್ಟ್‌ವೇರ್ ತೆರೆಯಲಿಲ್ಲ. ಯಾವ ಅಳತೆಯವರೆಗೆ ಫೋಟೋ ತಾನಾಗಿ ನಿಲ್ಲುತ್ತದೆ ಎಂದು ಒಂದೊಂದೇ ಪ್ರಿಂಟ್ ತೆಗೆದು ನೋಡಿದೆ. ಪುಸ್ತಕದಷ್ಟಾದರೆ ಮುಖ ಒಡೆಯುತ್ತಿತ್ತು. ಪೋಸ್ಟ್‌ಕಾರ್ಡಿನಷ್ಟಾದರೂ ಕಣ್ಣಿನ ಜಾಗದಲ್ಲಿ ಚೌಕಗಳು ಏಳುತ್ತಿದ್ದವು. ಅಂಗೈಯಷ್ಟಕ್ಕೆ ಇಳಿಸಿದಾಗ ಅವೆಲ್ಲ ಒಂದರೊಳಗೊಂದು ಕೂತು, ಹೆಬ್ಬೆರಳಿನ ಉಗುರಿನಷ್ಟು ಮುಖದಲ್ಲಿ ಪೊರ್ಬುಗಳು ತುಟಿ ಬಿಗಿದು ನಿಂತರು. ಬದಿಯಲ್ಲಿ ಬೇರೆ ಯಾರದೋ ಹೆಗಲು, ಪಾಯಸದ ಲೋಟ ಹಿಡಿದ ಒಂದು ಕೈ. ಅದನ್ನು ಅಳಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ಅಳಿಸಲಿಲ್ಲ. ಒಮ್ಮೆ ಶುರು ಮಾಡಿದರೆ ಎಲ್ಲಿ ನಿಲ್ಲಿಸಬೇಕೆಂದು ನನಗೇ ಗೊತ್ತಾಗುವುದಿಲ್ಲ. ನನ್ನ ಹಿಂದೆ ನಿಂತು ನೋಡಿದ ಮಲಯಾಳಿ ಮ್ಯಾನೇಜರು, "ಬಸ್? ಇತ್ನಾ ಛೋಟಾ?" ಎಂದು ಕೇಳಿದರು. ಬಸ್, ಇಷ್ಟೇ ಎಂದೆ.

ಕಾರ್ಯದರ್ಶಿಗೆ ಅದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಎಂತ ಮಾರ್ರೆ ಇದು, ಸ್ಟಾಂಪ್ ಅಂಟಿಸಿದ ಹಾಗೆ? ಅಲ್ಲಿ ಚರ್ಚಿಗೆ ಊರೇ ಬರ್ತದೆ. ಲೈವ್ ಬೇರೆ ಉಂಟು. ಹಿಂದೆ ಕೂತವರಿಗೆ ಎಂತ ಕಾಣ್ತದೆ?"

"ಬಾಯಿಗೆ ಕಂಡ್ರೆ ಸಾಕು."

"ನಿಮ್ಮ ಹಠ ನಿಮಗೆ. ಜನ ಕೇಳಿದ್ರೆ ನಿಮ್ಮ ಹೆಸರೇ ಹೇಳ್ತೇನೆ."

ಹೇಳಿ ಎಂದೆ. ದೊಡ್ಡ ಪ್ರಿಂಟನ್ನು ಹಾಲಿನಿಂದ ನಾನೇ ವಾಪಸು ತಂದಿದ್ದೆ, ಅದನ್ನು ಸುರುಳಿ ಸುತ್ತಿ ರದ್ದಿಗೆ ಹಾಕಿದೆ. ಮುಖ ಒಳಗೆ ಹೋಗುವ ಹಾಗೆ ಸುತ್ತಿದೆ. ಪೆಟ್ಟಿಗೆಯ ಜೊತೆ ಊರಿಗೆ ಹೊರಟವರು ಭಟ್ಟರು. ಸಣ್ಣ ಫೋಟೋವನ್ನು ಗಟ್ಟಿ ರಟ್ಟಿನ ನಡುವೆ ಇಟ್ಟು ಅವರ ಅಂಗಿಯ ಜೇಬಿಗೆ ನಾನೇ ಹಾಕಿದೆ. ಅವರು ಜೇಬನ್ನು ಮುಟ್ಟಿ ನೋಡಿಕೊಂಡು ಟ್ಯಾಕ್ಸಿ ಹತ್ತಿದರು.

ಮಣ್ಣಿನ ಕಾರ್ಯದ ಲೈವ್ ಅನ್ನು ಅಂಗಡಿಯಲ್ಲೇ ನೋಡಿದೆ. ಊರಿನಲ್ಲಿ ಮಧ್ಯಾಹ್ನ ಮೀರಿತ್ತು, ಇಲ್ಲಿ ಊಟದ ಹೊತ್ತು. ಫೋನನ್ನು ಮೌಸಿಗೆ ಒರಗಿಸಿಟ್ಟಿದ್ದೆ. ಮುಚ್ಚಿದ ಪೆಟ್ಟಿಗೆ, ಅದರ ಮೇಲೆ ಹೂವಿನ ಶಿಲುಬೆ, ಫಾದರ್ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ಪೆಟ್ಟಿಗೆಯ ಎದುರು ಫೋಟೋ ಇರಬೇಕಾದ ಸ್ಟ್ಯಾಂಡ್ ಖಾಲಿ. ಕೆಳಗೆ ಒಂದರ ಹಿಂದೊಂದು ಸಂದೇಶಗಳು ಏರುತ್ತಿದ್ದವು: ಫೋಟೋ ಎಲ್ಲಿ, ಫೋಟೋ ಯಾಕೆ ಇಟ್ಟಿಲ್ಲ. ಕಾರ್ಯದರ್ಶಿಯ ಕರೆಯೂ ಬಂತು. ನಾನು ಎತ್ತಲಿಲ್ಲ. ತಪ್ಪು ಮಾಡಿದೆನೋ ಏನೋ ಎಂದುಕೊಂಡೆ. ಅದೂ ಬೇರೆಯವರ ತಪ್ಪಿನ ಹಾಗೆ ದೂರದಲ್ಲೇ ಉಳಿಯಿತು.

ಸಮಾಧಿಗೆ ಒಯ್ಯುವ ಮೊದಲು ಕ್ಯಾಮೆರಾದವನು ಮುಂದಿನ ಬೆಂಚಿನ ಹತ್ತಿರ ಬಂದ. ಬಿಳಿ ಸೀರೆಯಲ್ಲಿ ಕುಳಿತ ಒಬ್ಬ ಹೆಂಗಸು ಅಂಗೈಯನ್ನು ಮಡಿಲಲ್ಲಿ ಬಿಡಿಸಿಕೊಂಡಿದ್ದರು. ಫೋಟೋ ಅಲ್ಲಿತ್ತು. ಪಕ್ಕದಲ್ಲಿ ನಿಂತಿದ್ದ ಮಗು ಅದರ ಮೇಲೆ ಬಗ್ಗಿತು. ಎರಡು ಬೆರಳನ್ನು ಜೋಡಿಸಿ ಅಪ್ಪನ ಮುಖದ ಮೇಲಿಟ್ಟು, ಫೋನಿನಲ್ಲಿ ಮಾಡುವ ಹಾಗೆ ಮೆಲ್ಲಗೆ ಅಗಲಿಸಿತು. ಏನೂ ಆಗಲಿಲ್ಲ. ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ಮತ್ತೊಮ್ಮೆ ಅಗಲಿಸಿತು. ಆಮೇಲೆ ಅಮ್ಮನ ಮುಖ ನೋಡಿತು.

ಬಾಯಿ ಮಗುವನ್ನು ಎತ್ತಿ ತೊಡೆಯ ಮೇಲೆ ನಿಲ್ಲಿಸಿಕೊಂಡರು. ಫೋಟೋವನ್ನು ಮೇಲೆತ್ತಿ ಮಗುವಿನ ಮೂಗಿಗೆ ತಾಗುವಷ್ಟು ಹತ್ತಿರ ತಂದು ಹಿಡಿದರು. ಮಗು ನೋಡಿತು. ಕೌಂಟರಿನಲ್ಲಿ ಯಾರೋ ಗಿರಾಕಿ ಬಂದು ಕರೆಯುತ್ತಿದ್ದ. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಜೋರಾಗಿ ಅತ್ತೆ.